ಮೂರು ತಾಲ್ಲೂಕಿನ ಕೆಮ್ಮು

ಕೆಲಸ ಸಿಕ್ಕಿದ್ದು ನನಗಲ್ಲ, ನನ್ನ ಗಂಟಲಿಗೆ. ಮದುವೆ ಮನೆಗಳಲ್ಲಿ ಪುರೋಹಿತರಿಂದ ಹಿಡಿದು ಕೆಟ್ಟ ಮಿಕ್ಸರ್‌ವರೆಗೆ ಎಲ್ಲದರ ದನಿ ತೆಗೆದು, ಪುಕ್ಕಟೆ ಊಟ ಮಾಡಿ, ಆಗಾಗ ಬೈಸಿಕೊಂಡೂ ಬರುತ್ತಿದ್ದ ಕಾಯ್ಕಿಣಿ ಊರಿನ ಹುಡುಗ ನಾನು. ಹೊನ್ನಾವರದಲ್ಲಿ ಒಂದು ನಾಗರಿಕರ ಗುಂಪು ಸರ್ಕಾರಿ ಕಾಮಗಾರಿಗಳ ವಿವರವನ್ನು ಫೋನಿನಲ್ಲಿ ಜನರಿಗೆ ಹೇಳುವ ವ್ಯವಸ್ಥೆ ಮಾಡುತ್ತಿದೆ, ಅದಕ್ಕೊಂದು ದನಿ ಬೇಕಂತೆ ಎಂದು ಕೇಳಿ ಹೋದೆ. ಗುಂಪನ್ನು ನಡೆಸುತ್ತಿದ್ದವರು ಹೈಸ್ಕೂಲಿನಿಂದ ನಿವೃತ್ತರಾದ ಭೂಗೋಳದ ಮೇಡಂ. ಅವರು ಕೇಳಿದ ಪ್ರಶ್ನೆಗಳಿಗೆ ಅವರದೇ ದನಿಯಲ್ಲಿ ಉತ್ತರ ಕೊಟ್ಟೆ. ಅವರು ನಗಲಿಲ್ಲ.

"ಈ ಚಾಳಿ ನಿನ್ನನ್ನ ಎಲ್ಲಿಗಾದ್ರೂ ತಂದು ನಿಲ್ಲಿಸ್ತದೆ," ಎಂದರು. ಆಮೇಲೆ, "ನಾಳೆಯಿಂದ ಬಾ," ಎಂದರು.

ನಮ್ಮ ಕಚೇರಿ ಬಸ್ ಸ್ಟ್ಯಾಂಡಿನ ಹಿಂದೆ, ಬಲೆ ಮತ್ತು ಹಗ್ಗ ಮಾರುವ ಅಂಗಡಿಯ ಮೇಲಿನ ಒಂದೇ ಕೋಣೆ. ಹೊರಗಿನ ಸದ್ದು ಬರದಿರಲಿ ಎಂದು ಗೋಡೆಗೆ ಹಳೆಯ ಹತ್ತಿ ಹಾಸಿಗೆಗಳನ್ನು ಕಟ್ಟಿದ್ದೆವು. ಆದರೂ ಕುಮಟಾ ಬಸ್ಸಿನ ಹಾರನ್ ಒಳಗೆ ಬಂದು ಕೂತುಬಿಡುತ್ತಿತ್ತು. ಕಂಪ್ಯೂಟರಿನ ಕೆಲಸ ಭಟ್ಕಳದ ಒಬ್ಬ ಗೆಳೆಯನದು. ಅವನು ಅಮ್ಮನ ಜೊತೆ ನವಾಯತಿ, ಚಹಾದವನ ಜೊತೆ ಉರ್ದು, ನಮ್ಮ ಜೊತೆ ಕನ್ನಡ ಮಾತಾಡುತ್ತಿದ್ದ. ಕಂಪ್ಯೂಟರಿನ ಎದುರು ಕೂತರೆ ಯಾವುದನ್ನೂ ಮಾತಾಡುತ್ತಿರಲಿಲ್ಲ. ನಕಲು ಮಾಡಲು ನನಗೆ ಏನೂ ಸಿಗದ ಒಬ್ಬನೇ ಮನುಷ್ಯ.

ವ್ಯವಸ್ಥೆ ಸರಳ. ಪ್ರತಿ ಕಾಮಗಾರಿಗೂ ಮೂರು ಫೋಟೋ ಇರಬೇಕು: ಶುರುವಾಗುವ ಮುಂಚೆ, ಅರ್ಧದಲ್ಲಿ, ಮುಗಿದ ಮೇಲೆ. ಫೋಟೋ ತೆಗೆದ ಜಾಗದ ಅಕ್ಷಾಂಶ, ರೇಖಾಂಶ ಅದರ ಮೇಲೆಯೇ ಅಚ್ಚಾಗಿರುತ್ತದೆ. ಎಲ್ಲವೂ ಸರ್ಕಾರದ ಜಾಲತಾಣದಲ್ಲಿದೆ, ಯಾರು ಬೇಕಾದರೂ ನೋಡಬಹುದು. ನೋಡಬೇಕಾದವರು ಮಾತ್ರ ಆ ಹೊತ್ತಿಗೆ ಹೊಳೆಯ ಕೆಸರಿನಲ್ಲಿ ಬಗ್ಗಿ ಬಳಚು, ಅಂದರೆ ಚಿಪ್ಪುಮೀನು, ಹೆಕ್ಕುತ್ತಿರುತ್ತಾರೆ. ಅದಕ್ಕೇ ಫೋನು. ನಮ್ಮ ನಂಬರಿಗೆ ಮಿಸ್ಡ್ ಕಾಲ್ ಕೊಟ್ಟರೆ ವಾಪಸ್ ಕರೆ ಹೋಗುತ್ತದೆ. ಊರಿನ ಸಂಖ್ಯೆ ಒತ್ತಿದರೆ, ಅಲ್ಲಿ ಮುಗಿದಿದೆ ಎಂದು ದಾಖಲಾದ ಕೆಲಸಗಳನ್ನು ನನ್ನ ಗಂಟಲು ಹೇಳುತ್ತದೆ. ಆ ಕೆಲಸ ಆಗಿದ್ದರೆ ಒಂದು, ಆಗದಿದ್ದರೆ ಎರಡು, ಏನಾದರೂ ಹೇಳಬೇಕಿದ್ದರೆ ಮೂರು ಒತ್ತಿ ಮಾತಾಡಬೇಕು. ಜನ ಹೇಳಿದ್ದನ್ನು ಪರಿಶೀಲಿಸಿ ಅದೇ ನಂಬರಿನಲ್ಲಿ ಊರಿನವರಿಗೆಲ್ಲ ಕೇಳಿಸುತ್ತಿದ್ದೆವು.

ಒಂದು ನಿಯಮ ಕಟ್ಟುನಿಟ್ಟಾಗಿತ್ತು. ದೂರು ಹೇಳಿದವರ ಸ್ವಂತ ದನಿ ಕೋಣೆಯಿಂದ ಹೊರಗೆ ಹೋಗಬಾರದು. ಮೊದಲು ಭಟ್ಕಳದವನು ಯಂತ್ರದಲ್ಲೇ ದನಿ ಬದಲಿಸಿ ನೋಡಿದ. ಕೊಡಪಾನದೊಳಗೆ ಕೂತ ಕಪ್ಪೆ ಚರಂಡಿ ಕಾಮಗಾರಿಯ ಬಗ್ಗೆ ಮಾತಾಡಿದ ಹಾಗಿತ್ತು. ಜನ ನಕ್ಕು ಫೋನ್ ಇಟ್ಟರು. ಹೀಗಾಗಿ ದೂರುಗಳನ್ನು ಬೇರೆ ದನಿಯಲ್ಲಿ ಮರುನುಡಿಯುವ ಕೆಲಸವೂ ನನ್ನ ಪಾಲಿಗೆ ಬಂತು. ಒಬ್ಬ ಮಿಮಿಕ್ರಿಯವನಿಗೆ, ಯಾರ ಹಾಗೂ ಮಾತಾಡಬೇಡ ಎಂದು ಸಂಬಳ ಕೊಡುವುದು ಬೆಕ್ಕನ್ನು ಮೀನು ಕಾಯಲು ಬಿಟ್ಟ ಹಾಗೆ ಎಂದು ಆಗ ಯಾರಿಗೂ ಹೊಳೆಯಲಿಲ್ಲ. ನನಗಂತೂ ಹೊಳೆಯಲೇ ಇಲ್ಲ.

ಆ ಕರೆ ಬಂದದ್ದು ಅಘನಾಶಿನಿ ಹೊಳೆಯ ದಂಡೆಯ ಒಂದು ಕೇರಿಯಿಂದ. ಕೇರಿಯ ಹೆಸರು ಬರೆಯುವುದಿಲ್ಲ. ಅಲ್ಲಿಯ ಗಜನಿಗೆ, ಅಂದರೆ ಉಪ್ಪುನೀರು ತಡೆದು ಭತ್ತ ಬೆಳೆಯುವ ತಗ್ಗು ಗದ್ದೆಗೆ, ಹೊಸ ಕಲ್ಲಿನ ಒಡ್ಡು ಕಟ್ಟಿ ಮುಗಿದಿದೆ ಎಂದು ದಾಖಲೆ ಹೇಳುತ್ತಿತ್ತು. ಮೂರು ಒತ್ತಿ ಮಾತಾಡಿದ್ದು ಒಬ್ಬ ಹೆಂಗಸು.

"ಹಲೋ... ಮಾತಾಡುಕೆ ಅಡ್ಡಿಲ್ಲ ಅಲ್ಲಾ? ನೀವು ಒಡ್ಡು ಮುಗ್ದದೆ ಹೇಳ್ತ್ರಿ. ಅದು ಒಡ್ಡಲ್ಲ. ನಾವೇ ಕಲ್ಲು ಹೊತ್ತದ್ದು. ಹೊತ್ತು ಇಟ್ಟೆವು, ಫೋಟೋ ಹೊಡ್ದರು. ಮತ್ತೆ ಅದೇ ಕಲ್ಲು ಹೊತ್ತು ಆಚೆ ಇಟ್ಟೆವು, ಅಲ್ಲೂ ಫೋಟೋ ಹೊಡ್ದರು." ಎರಡು ಸಣ್ಣ ಕೆಮ್ಮು, ಒಂದು ಉದ್ದದ್ದು. "ಆತು. ಇಡ್ತೆ."

ಮೇಡಂ ಮತ್ತು ನಾನು ಕೇರಿಗೆ ಹೋದೆವು. ಆಕೆಗೆ ಐವತ್ತರ ಆಸುಪಾಸು. ಮನೆ ಒಡ್ಡಿಗೆ ತಾಗಿಯೇ ಇತ್ತು. ಜಗಲಿಯಲ್ಲಿ ಕೂತು ಬಳಚು ಒಡೆಯುತ್ತಿದ್ದವರಿಗೆ ನನ್ನ ಫೋನಿನಲ್ಲಿ ಕೊನೆಯ ಫೋಟೋ ತೋರಿಸಿದೆ. ಕೈ ಒರೆಸಿಕೊಂಡು, ಚಿತ್ರವನ್ನು ಬೆರಳಿನಿಂದ ದೊಡ್ಡದು ಮಾಡಿ ನೋಡಿದರು.

"ತಮಾ, ಇದು ಹೊಸ ಕಲ್ಲಾ?"

"ಹಾಗೇ ಬರೆದಿದ್ದಾರೆ ಅಕ್ಕಾ. ಕ್ವಾರಿಯಿಂದ ತಂದ ಹೊಸ ಕಲ್ಲು."

"ಹೊಸ ಕಲ್ಲಿಗೆ ಚಿಪ್ಪಿ ಹತ್ಕಂಡದೆ ನೋಡು. ಕ್ವಾರಿಯಲ್ಲಿ ಚಿಪ್ಪಿ ಬೆಳೀತದಾ?"

ನೋಡಿದೆ. ಕಲ್ಲಿನ ಕೆಳಭಾಗದಲ್ಲಿ ಬೂದುಬಣ್ಣದ ಚಿಪ್ಪಿಗಳು ಒಂದರ ಮೇಲೊಂದು ಕಚ್ಚಿ ಕೂತಿದ್ದವು. ಆ ಫೋಟೋವನ್ನು ನಾನು ಹತ್ತು ಸಲ, ಮೇಡಂ ಇಪ್ಪತ್ತು ಸಲ ನೋಡಿದ್ದೆವು. ನಮಗೆ ಕಂಡದ್ದು ಕಲ್ಲು ಮಾತ್ರ.

"ಇದು ನಮ್ಮ ಹಳೇ ಒಡ್ಡಿಂದೇ ಕಲ್ಲು. ವರ್ಷಗಟ್ಲೆ ನೀರಲ್ಲಿ ಕೂತದ್ದು. ಅದನ್ನೇ ಕಿತ್ತು ಹೊಸ್ತು ಹೇಳಿ ತೋರ್ಸದ್ದು. ಈಗ ಹೊಸ್ತೂ ಇಲ್ಲ, ಹಳತೂ ಇಲ್ಲ, ಕಡೇ ಫೋಟೋ ಹೊಡ್ದ ತುಂಡು ಬಿಟ್ರೆ ಬರೀ ಮಣ್ಣು. ಬಾವಿ ನೀರು ಆಗ್ಲೇ ಉಪ್ಪಾಗ್ಯದೆ. ಬರೂ ಮಳೆಗಾಲಕ್ಕೆ ಹೊಳೆ ಈ ಜಗಲಿ ಮೇಲೇ ಬಂದು ಕೂಡ್ತದೆ."

ಅವರ ಮಗ ಅದೇ ಗುತ್ತಿಗೆದಾರನ ಟಿಪ್ಪರ್ ಓಡಿಸುತ್ತಿದ್ದ. "ನಾ ಹೇಳದ್ದು ಅಂತ ಗೊತ್ತಾದ್ರೆ ಅವನ ಕೆಲಸ ಹೋತು. ಬರೀ ಕೆಲಸ ಹೋದ್ರೆ ಅಡ್ಡಿಲ್ಲಾಗಿತ್ತು," ಎಂದು ಎದುರಿನ ಹೊನ್ನೆಮರದ ಕಡೆ ಗದ್ದ ತೋರಿಸಿದರು. ಮರದ ಬುಡದಲ್ಲಿ ಒಂದು ಪಾತಿ ದೋಣಿ ಮಗುಚಿ ಬಿದ್ದಿತ್ತು. ಅದರ ತಳದಲ್ಲಿ ಸಾಲಾಗಿ ನಾಲ್ಕು ಕೊಡಲಿ ಏಟು. "ಆ ದೋಣಿಯವ ಬರೀ ಒಂದು ಅರ್ಜಿ ಕೊಟ್ಟಿದ್ದ."

"ನಿಮ್ಮ ದನಿ ಹೊರಗೆ ಬರೂದಿಲ್ಲ ಅಕ್ಕಾ. ಅದು ನನ್ನ ಜವಾಬ್ದಾರಿ," ಎಂದೆ. ಎದೆ ತಟ್ಟಿಕೊಂಡೆ ಕೂಡ. ನೆನೆದರೆ ಈಗಲೂ ಆ ಕೈಯನ್ನು ಎಲ್ಲಿಡಬೇಕೆಂದು ತಿಳಿಯುವುದಿಲ್ಲ.

ಅವರ ಮಾತನ್ನು ಬರೆದುಕೊಳ್ಳಲು ಧ್ವನಿಮುದ್ರಣವನ್ನು ಎಷ್ಟೋ ಸಲ ಹಿಂದೆ ಮುಂದೆ ಓಡಿಸಿ ಕೇಳಿದೆ. ಆಮೇಲೆ ಹಾಸಿಗೆ ಕಟ್ಟಿದ ಗೋಡೆಯ ಮುಂದೆ ನಿಂತು, ಎಪ್ಪತ್ತು ದಾಟಿದ ಒಬ್ಬ ಅಜ್ಜನ ದನಿಯಲ್ಲಿ ಹೇಳಿದೆ. ಕೇರಿಯ ಮಾತಿನ ಜಾಡನ್ನು ತೆಗೆದುಹಾಕಿದ್ದೆ, ಕಲ್ಲು ಹೊತ್ತ ವಿಷಯವನ್ನು 'ನೋಡಿದೆ' ಎಂದು ಬದಲಿಸಿದ್ದೆ, ಚಿಪ್ಪಿಯ ಪ್ರಶ್ನೆಯನ್ನು ಸೇರಿಸಿದ್ದೆ. ಅಜ್ಜ ಎಂದ ಮೇಲೆ ಸ್ವಲ್ಪ ಕೆಮ್ಮದಿದ್ದರೆ ನಂಬುವವರು ಯಾರು? ಕೆಮ್ಮಿದೆ. ಮೇಡಂ "ಚಲೋ ಬಂದದೆ" ಎಂದರು. ಅವರ ಬಾಯಿಂದ ಹೊಗಳಿಕೆ ಬಂದದ್ದು ಅದೊಂದೇ ಸಲ, ಅದೂ ಆ ಕೆಮ್ಮಿಗೆ.

ಸಂದೇಶ ಸೋಮವಾರ ಬೆಳಗ್ಗೆ ಶುರುವಾಯಿತು. ಬುಧವಾರದಿಂದ ವಿಚಿತ್ರ ಕರೆಗಳು. ಆ ಕೇರಿಯ ಸಂಖ್ಯೆ ಒತ್ತುತ್ತಿದ್ದರು, ಅಜ್ಜನ ಮಾತನ್ನು ಪೂರ್ತಿ ಕೇಳುತ್ತಿದ್ದರು, ಮೂರು ಒತ್ತುತ್ತಿದ್ದರು. ಮಾತಿಲ್ಲ. ಉಸಿರಾಟ, ಹಿಂದೆಲ್ಲೋ ಓಡುತ್ತಿರುವ ಡೀಸೆಲ್ ಎಂಜಿನ್. ಒಂದೇ ನಂಬರಿನಿಂದ ಹನ್ನೊಂದು ಸಲ. ಹನ್ನೆರಡನೆಯದರಲ್ಲಿ ಒಬ್ಬ ಗಂಡಸು ಮಾತಾಡಿದ, ಸಾವಕಾಶವಾಗಿ, ಮನೆಗೆ ಊಟಕ್ಕೆ ಕರೆಯುವವನ ಹಾಗೆ.

"ಅಜ್ಜನ ದನಿ ತೆಗ್ದೋನು ಚಲೋ ಕಲಾವಿದ ಇದ್ದ. ಕೆಮ್ಮು ಮಾತ್ರ ಅಜ್ಜಂದಲ್ಲ, ನಮ್ಮ ಕೇರಿ ಹೆಂಗಸಿಂದು. ನಾ ಎಲ್ಲೋ ಕೇಳಿದ್ದೆ. ಕಲ್ಲು ಹೊರೂ ಹೆಂಗಸ್ರು ಹದಿನಾರೇ ಜನ. ಹುಡುಕುಕೆ ಎಷ್ಟೊತ್ತು ಬೇಕು?"

ಭಟ್ಕಳದವನು ನನ್ನ ಮುದ್ರಣವನ್ನೂ ಅಕ್ಕನ ಮುದ್ರಣವನ್ನೂ ಪರದೆಯ ಮೇಲೆ ಒಂದರ ಕೆಳಗೊಂದು ಇಟ್ಟ. ದನಿಯ ಗೆರೆಗಳು ಗುಡ್ಡ ಕಣಿವೆಗಳ ಹಾಗೆ ಕಾಣುತ್ತವೆ. ಮಾತಿನ ಗುಡ್ಡಗಳು ಬೇರೆ ಬೇರೆ ಇದ್ದವು. ಕೆಮ್ಮಿನ ಜಾಗದಲ್ಲಿ ಮಾತ್ರ ಎರಡು ಸಣ್ಣ ಗುಡ್ಡ, ಒಂದು ಉದ್ದ ಗುಡ್ಡ, ಆಮೇಲೆ ಅಷ್ಟೇ ಅಗಲದ ಬಯಲು. ಕೊರೆದು ಇಟ್ಟ ಹಾಗೆ ಒಂದೇ ಅಚ್ಚು. ಅಜ್ಜನಿಗೆ ಕೆಮ್ಮು ಬೇಕಾದಾಗ ನನ್ನ ಗಂಟಲು ಹತ್ತಿರದಲ್ಲಿ ಸಿಕ್ಕಿದ್ದನ್ನು ಎತ್ತಿಕೊಂಡಿತ್ತು. ಊರಿನವರ ಎಲ್ಲರ ದನಿ ಕದ್ದು ಚಪ್ಪಾಳೆ ಗಿಟ್ಟಿಸಿದ್ದ ನನಗೆ, ಕದಿಯದೇ ಇರುವುದು ಬರುತ್ತಿರಲಿಲ್ಲ.

"ಅಳಿಸಿಬಿಡು," ಎಂದರು ಮೇಡಂ.

"ಅಳಿಸಿದ್ರೆ, ಕೆಮ್ಮು ಅವರದೇ ಅಂತ ನಾವೇ ಸಹಿ ಹಾಕಿದ ಹಾಗೆ," ಎಂದ ಭಟ್ಕಳದವನು. ಆ ವಾರದಲ್ಲಿ ಅವನು ಆಡಿದ ಅತಿ ಉದ್ದದ ವಾಕ್ಯ ಅದು.

ಅಕ್ಕನಿಗೆ ಫೋನ್ ಮಾಡುವ ಹಾಗೂ ಇರಲಿಲ್ಲ. ಆ ಫೋನು ಹಗಲೆಲ್ಲ ಮಗನ ಜೊತೆ ಟಿಪ್ಪರಿನಲ್ಲಿರುತ್ತಿತ್ತು. ಈಗ ಮತ್ತೆ ಕೇರಿಗೆ ಹೋದರೆ, ಯಾರ ಮನೆ ಮುಂದೆ ನಿಂತೆವು ಎಂಬುದೇ ಸಾಕ್ಷಿಯಾಗುತ್ತಿತ್ತು. ನಾನು ಒಂದು ಉಪಾಯ ಹೇಳಿದೆ. ಆ ಕೆಮ್ಮನ್ನು ಅಳಿಸುವುದು ಬೇಡ, ಎಲ್ಲ ಊರಿನ ಎಲ್ಲ ದೂರಿಗೂ ಅದೇ ಕೆಮ್ಮು ಹಾಕೋಣ. ಕೇಳಿದವರು ಇದು ದೂರು ಓದುವ ಹುಡುಗನ ಗಂಟಲಿನ ರೋಗ ಅಂದುಕೊಳ್ಳಲಿ.

ಮೇಡಂಗೆ ಇಷ್ಟವಾಗಲಿಲ್ಲ. "ಸರ್ಕಾರ ಸುಳ್ಳು ಫೋಟೋ ಹಾಕ್ತದೆ ಅಂತ ನಾವು ಕೂತದ್ದು. ನಾವೇ ಸುಳ್ಳು ಕೆಮ್ಮು ಹಾಕೂದಾ?"

ಅವರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, "ಮಾಡು," ಎಂದರು.

ಒಂದೇ ದಿನದಲ್ಲಿ ಮೂರು ತಾಲ್ಲೂಕಿನ ದೂರುಗಳನ್ನೆಲ್ಲ ಮತ್ತೆ ನುಡಿದೆ. ಭಟ್ಕಳ ಕಡೆಯ ಬೀದಿದೀಪ ಕೆಮ್ಮಿತು, ಹೊನ್ನಾವರ ಕಡೆಯ ಚರಂಡಿ ಕೆಮ್ಮಿತು, ಕುಮಟಾ ಕಡೆಯ ಬಸ್ ತಂಗುದಾಣ ಕೆಮ್ಮಿತು. ಮರುದಿನ ಒಬ್ಬ ಅಜ್ಜಿ ಮೂರು ಒತ್ತಿ, "ಆ ಹುಡುಗಂಗೆ ಕಾಳುಮೆಣಸಿನ ಕಷಾಯ ಕೊಡಿ ಮಾರಾಯ್ರೆ, ರಸ್ತೆ ನಾವು ನೋಡ್ಕಂತೆವು," ಎಂದರು. ನಾವು ನಕ್ಕೆವು. ಆ ಡೀಸೆಲ್ ಎಂಜಿನ್ನಿನ ಕರೆಗಳು ನಿಂತಿದ್ದವು. ಅದೇ ನನಗೆ ಸರಿ ಕಾಣಲಿಲ್ಲ.

ಅಮಾವಾಸ್ಯೆ ಹತ್ತಿರ ಬರುತ್ತಿತ್ತು. ಹೊಳೆಯ ನೀರು ಬಹಳ ಕೆಳಕ್ಕೆ ಇಳಿಯುವ ದಿನಗಳು. ಮಂಗಳವಾರ ಆ ಪಂಚಾಯತಿಯಲ್ಲಿ ಸಾಮಾಜಿಕ ಪರಿಶೋಧನೆಯ ಗ್ರಾಮಸಭೆ ಇತ್ತು. ಅದರಲ್ಲಿ ಯಾರ ಬಾಯಿಮಾತೂ ಬೇಡವಾಗುವಂಥ ಸಾಕ್ಷಿ ನಮಗೆ ಬೇಕಿತ್ತು. ಭಾನುವಾರ ಮಧ್ಯಾಹ್ನ ಇಳಿತದ ಹೊತ್ತಿಗೆ, ಜಾಗದ ಅಕ್ಷಾಂಶ ರೇಖಾಂಶ ಅಚ್ಚಾಗುವ ಆ್ಯಪ್ ಹಾಕಿಕೊಂಡು, ಚಿಪ್ಪಿ ಹತ್ತಿದ ಕಲ್ಲುಗಳ ಫೋಟೋ ತೆಗೆಯಲು ಒಬ್ಬನೇ ಹೋದೆ.

ದೂರದಿಂದಲೇ ಟಕ್ ಟಕ್ ಎಂದು ಕೇಳಿಸುತ್ತಿತ್ತು. ಹದಿನಾರೂ ಹೆಂಗಸರು ಕೆಸರಿನಲ್ಲಿ ಕೂತು ಉಳಿ ಸುತ್ತಿಗೆಯಿಂದ ಕಲ್ಲುಗಳ ಮೇಲಿನ ಚಿಪ್ಪಿ ಕೆತ್ತಿ ತೆಗೆಯುತ್ತಿದ್ದರು. ಯಾವುದನ್ನು ಅಳಿಸಬೇಕೆಂದು ಗುತ್ತಿಗೆದಾರನ ಕಡೆಯವರಿಗೆ ನಾನೇ, ಅಜ್ಜನ ದನಿಯಲ್ಲಿ, ಒಂದು ವಾರ ಹೇಳಿಕೊಟ್ಟಿದ್ದೆ. ಬಿಳಿ ಪುಡಿ ಏಳುತ್ತಿತ್ತು. ಎಲ್ಲರೂ ಸೆರಗನ್ನು ಬಾಯಿಗೆ ಬಿಗಿದಿದ್ದರು. ದಿಬ್ಬದ ಮೇಲೆ ಕೊಡೆ ಹಿಡಿದು ಗುತ್ತಿಗೆದಾರನ ಮೇಸ್ತ್ರಿ ಕೂತಿದ್ದ. ಅವನ ಫೋನಿನಲ್ಲಿ ನನ್ನ ಅಜ್ಜ ಮಾತಾಡುತ್ತಿದ್ದ. ಮುಗಿದ ಕೂಡಲೇ ಮತ್ತೆ ಹಾಕುತ್ತಿದ್ದ. ಹಾಕಿ, ಹೆಂಗಸರ ಕಡೆ ಕಿವಿ ಕೊಡುತ್ತಿದ್ದ. ಮೂರು ತಾಲ್ಲೂಕು ಕೆಮ್ಮಿದ್ದು ಅವನಿಗೆ ಲೆಕ್ಕಕ್ಕೇ ಇರಲಿಲ್ಲ. ಅವನು ಆ ಪುಡಿಯಲ್ಲಿ ಯಾರು ಕೆಮ್ಮುತ್ತಾರೆ ಎಂದು ಕಾಯುತ್ತಿದ್ದ.

ಯಾರೂ ಕೆಮ್ಮಲಿಲ್ಲ. ಅಂಚಿನಲ್ಲಿ ಕೂತ ಒಬ್ಬರ ಭುಜ ಮಾತ್ರ ಆಗಾಗ ಸದ್ದಿಲ್ಲದೆ ಜಗ್ಗುತ್ತಿತ್ತು.

"ಯಾರಾ ಅದು?"

"ಚಿಪ್ಪಿ ನೋಡುಕೆ ಬಂದೆ. ಸುಣ್ಣದ ಭಟ್ಟಿಗೆ," ಎಂದೆ. ಮೂಗಿನಲ್ಲಿ ಮಾತಾಡುವ ನನ್ನ ಸೋದರಮಾವನ ದನಿ ಬಾಯಿಗೆ ಬಂತು.

ಮೇಸ್ತ್ರಿ ಕೊಡೆ ಓರೆ ಮಾಡಿ ನೋಡಿದ. "ಮಾತಾಡು, ಮಾತಾಡು. ಎಲ್ಲೋ ಕೇಳಿದ ದನಿ ಆಗ್ತದೆ."

ಫೋನ್ ಎತ್ತಿಕೊಂಡು, ಮಾಲಿನ ಫೋಟೋ ತೆಗೆಯುವವನ ಹಾಗೆ, ಕೆತ್ತಿದ ಚಿಪ್ಪಿಯ ರಾಶಿಯನ್ನೂ ಕಲ್ಲಿನ ಮೇಲಿನ ಹಸಿ ಗಾಯಗಳನ್ನೂ ತೆಗೆದೆ. ಕೆಲಸ ಮಾಡುತ್ತಿದ್ದವರನ್ನು ಸೇರಿಸಿ ಒಂದೇ ಒಂದು ಫೋಟೋ ತೆಗೆದಿದ್ದರೆ ಸಭೆಯಲ್ಲಿ ಯಾರೂ ಬಾಯಿ ತೆರೆಯುವ ಹಾಗಿರಲಿಲ್ಲ. ಬೆರಳು ಅಲ್ಲಿಯವರೆಗೂ ಹೋಗಿತ್ತು. ಫೋನನ್ನು ಕೆಳಕ್ಕೆ ತಿರುಗಿಸಿದೆ. ಹೊರಡುವಾಗ ಮೇಸ್ತ್ರಿ ನಕ್ಕು, "ಮಂಗಳವಾರ ಸಭೆಗೆ ಬಾ. ಅಲ್ಲೂ ಮಾತಾಡುವಂತೆ," ಎಂದ.

ಸಭೆಗೆ ಗುತ್ತಿಗೆದಾರ ಬರಲಿಲ್ಲ. ಮೇಸ್ತ್ರಿ ಬಂದು ಬಾಗಿಲ ಪಕ್ಕದ ಕುರ್ಚಿ ಹಿಡಿದಿದ್ದ. ಹದಿನಾರು ಹೆಂಗಸರು ಹಿಂದೆ ಚಾಪೆಯ ಮೇಲೆ ಕೂತಿದ್ದರು. ಸಭೆ ನಡೆಸಲು ತಾಲ್ಲೂಕಿನಿಂದ ಬಂದ ಅಧಿಕಾರಿಯ ಮುಂದೆ ಮೇಡಂ ಎರಡು ಫೋಟೋ ಗೋಡೆಯ ಮೇಲೆ ಹಾಕಿ ತೋರಿಸಿದರು: ದಾಖಲೆಯಲ್ಲಿದ್ದ ಚಿಪ್ಪಿ ಹತ್ತಿದ 'ಹೊಸ' ಕಲ್ಲು, ಅದೇ ಜಾಗದ ಚಿಪ್ಪಿ ಕೆತ್ತಿದ ಕಲ್ಲು.

"ಸಾಯ್ಬ್ರೆ, ಇದು ಸುಣ್ಣದ ಭಟ್ಟಿ ಹುಡುಗ ತೆಗ್ದ ಫೋಟೋ," ಎಂದ ಮೇಸ್ತ್ರಿ. "ಫೋನಲ್ಲಿ ಒಬ್ರು ಕೆಮ್ಮಿ ಕೆಮ್ಮಿ ದೂರು ಹೇಳಿದ್ರಲ್ಲ, ಅವರು ಎದುರಿಗೆ ಬಂದು ಹೇಳ್ಲಿ. ಹೆಸರಿಲ್ಲದ ದೂರಿಗೆ ಎಂತ ಬೆಲೆ?"

ಎದ್ದು ನಿಂತೆ. "ಹೇಳಿದವ ನಾನೇ."

"ಹೌದಾ? ಹಾಗಾರೆ ಕೆಮ್ಮು."

ಕೆಲವರು ನಕ್ಕರು. ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತಿದ್ದರು. ನಾನು ಹಿಂದೆ ನೋಡಬಾರದಿತ್ತು, ನೋಡಿಬಿಟ್ಟೆ. ಅಕ್ಕ ಸೆರಗಿನ ಉಂಡೆಯನ್ನು ಬಾಯಿಗೆ ಒತ್ತಿಕೊಂಡಿದ್ದರು. ಕಣ್ಣು ಕೆಂಪಾಗಿ ನೀರು ತುಂಬಿತ್ತು, ಕುತ್ತಿಗೆಯ ನರ ಉಬ್ಬಿತ್ತು. ಎರಡು ದಿನದ ಸುಣ್ಣದ ಪುಡಿ ಹೊರಗೆ ಬರಲು ದಾರಿ ಹುಡುಕುತ್ತಿತ್ತು. ಇನ್ನು ಕೆಲವೇ ಉಸಿರು.

ಕೆಮ್ಮಿದೆ. ನನ್ನ ಸ್ವಂತ ಕೆಮ್ಮು ಹೇಗಿರುತ್ತದೆ ಎಂದು ನನಗೇ ಗೊತ್ತಿರಲಿಲ್ಲ, ಸಿಕ್ಕಿದ್ದನ್ನೆಲ್ಲ ಕೆಮ್ಮಿದೆ. ಬೀಡಿ ಸೇದುವ ಕಂಡಕ್ಟರನ ಕೆಮ್ಮು, ಮಂತ್ರದ ನಡುವೆ ಪುರೋಹಿತರು ಕೆಮ್ಮುವ ಕೆಮ್ಮು, ಮೇಡಂ ಕಚೇರಿಗೆ ಬರುವ ಮುಂಚಿನ ಎಚ್ಚರಿಕೆಯ ಕೆಮ್ಮು. ಬಗ್ಗಿ, ಮೇಜು ಹಿಡಿದು, ನಿಲ್ಲಿಸದೆ ಕೆಮ್ಮಿದೆ. ನಗು ಎದ್ದಿತು, ಯಾರೋ ಬೆನ್ನು ಗುದ್ದಿದರು, ಅಧಿಕಾರಿ ತಮ್ಮ ನೀರಿನ ಬಾಟಲಿ ಚಾಚಿದರು. ಆ ಗದ್ದಲದ ಅಡಿಯಲ್ಲಿ ಹಿಂದೆ ಇನ್ನೊಬ್ಬರು ಕೆಮ್ಮಿ ಮುಗಿಸಿದರು. ನನಗೆ ಕೇಳಿಸಿತು. ಮೇಸ್ತ್ರಿ ಕುತ್ತಿಗೆ ಉದ್ದ ಮಾಡಿ ಅತ್ತ ಇತ್ತ ನೋಡುತ್ತಿದ್ದ.

"ಸಾಕು ಮಾರಾಯಾ, ಕೂತ್ಕೋ," ಎಂದರು ಅಧಿಕಾರಿ. "ಜಾಗಕ್ಕೇ ಹೋಗಿ ನೋಡೋಣ. ಗುರುವಾರ ಬೆಳಗ್ಗೆ ಹನ್ನೊಂದಕ್ಕೆ."

"ಆತು ಸಾಯ್ಬ್ರೆ," ಎಂದ ಮೇಸ್ತ್ರಿ, ತೀರಾ ಬೇಗ.

ಮೇಡಂ ಎದ್ದರು. "ಹನ್ನೊಂದಕ್ಕೆ ಭರತ ಸರ್. ಕಲ್ಲೆಲ್ಲ ನೀರಿನ ಅಡಿ ಇರ್ತದೆ. ಇಳಿತದ ಹೊತ್ತಿಗೆ ಹೋಗ್ಬೇಕು."

"ಇಳಿತ ಎಷ್ಟೊತ್ತಿಗೆ?"

ನಿಖರ ಹೊತ್ತಿಗಾಗಿ ಮೇಡಂ ಫೋನಿನಲ್ಲಿ ಹುಡುಕಿದರು. ಆ ಸಭಾಭವನದಲ್ಲಿ ನೆಟ್‌ವರ್ಕ್ ಇರಲಿಲ್ಲ. ಅಧಿಕಾರಿ ಜನರ ಕಡೆ ನೋಡಿದರು. ಮೇಸ್ತ್ರಿಯೂ ತಿರುಗಿ ಜನರನ್ನೇ ನೋಡುತ್ತಿದ್ದ. ಹೊಳೆಯ ದಂಡೆಯಲ್ಲಿ ಹುಟ್ಟಿದವರೆಲ್ಲ ಒಂದು ಕ್ಷಣ ಹೊಳೆಯನ್ನೇ ಮರೆತಿದ್ದರು.

"ಐದಕ್ಕೆ," ಎಂದಿತು ಚಾಪೆಯ ಕಡೆಯಿಂದ ಒಂದು ದನಿ.

"ಐದಕ್ಕೆ ಎಲ್ಲಿ? ಐದೂವರೆ ಆತದೆ."

"ಏ, ನಿಂಗೆ ತಲೆ ಸರಿ ಅದ್ಯಾ? ಇವತ್ತು ಮೂರೂವರೆಗೆ ಇಳಿತ. ದಿನಕ್ಕೆ ಮುಕ್ಕಾಲು ಗಂಟೆ ಸೇರ್ಸು."

"ಅಮಾಸೆ ನೀರು ತಡೆದು ಇಳೀತದೆ, ನಂಗೆ ಹೇಳುಕೆ ಬರ್ಬೇಡ."

"ಹೋದ ಅಮಾಸೆಗೆ ನೀ ಹೀಂಗೇ ಹೇಳಿ ನಮ್ಮನ್ನೆಲ್ಲ ಕುತ್ತಿಗೆ ನೀರಲ್ಲಿ ನಿಲ್ಸಿದ್ದೆ!"

ಹದಿನಾರೂ ಜನ ಒಟ್ಟಿಗೆ ಶುರು ಮಾಡಿದರು. ಕೈ ಬೀಸಿ, ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಬಿದ್ದು, ದಿನವೂ ಹೊಳೆಗೆ ಇಳಿಯುವ ಮುಂಚೆ ಜಗಳಾಡುವ ಹಾಗೆಯೇ. ಅದರೊಳಗೆ ಅಕ್ಕನ ದನಿ ಯಾವುದು ಎಂದು ನನಗೂ ಬಿಡಿಸಲಾಗಲಿಲ್ಲ. ಅಧಿಕಾರಿ ಎರಡೂ ಕೈ ಎತ್ತಿ, ಹನ್ನೊಂದನ್ನು ಹೊಡೆದುಹಾಕಿ, ಐದು ಎಂದು ಬರೆದರು.

ಬುಧವಾರ ಗುತ್ತಿಗೆದಾರ ತನ್ನ ಟಿಪ್ಪರ್ ಓಡಿಸುತ್ತಿದ್ದ ಕೇರಿಯ ನಾಲ್ಕೂ ಹುಡುಗರನ್ನು ಕೆಲಸದಿಂದ ಬಿಡಿಸಿದ. ಯಾರ ಮನೆಯ ಕೆಮ್ಮು ಎಂದು ತಿಳಿಯದಿದ್ದರೆ ನಾಲ್ಕೂ ಮನೆಗೆ ಏಟು ಬೀಳಲಿ ಎಂಬ ಲೆಕ್ಕ. ಅಂದು ಸಂಜೆ ಅಕ್ಕನ ಮಗನ ನಂಬರಿನಿಂದ ನಮಗೊಂದು ಮಿಸ್ಡ್ ಕಾಲ್ ಬಂತು. ವಾಪಸ್ ಕರೆ ಹೋದಾಗ ಯಾರೂ ಎತ್ತಲಿಲ್ಲ.

ಗುರುವಾರ ಐದು ಗಂಟೆಗೆ ನೀರು ಕೆಳಗಿಳಿದಿತ್ತು. ಅಧಿಕಾರಿ ಪ್ಯಾಂಟು ಮಡಚಿ ಕೆಸರಿಗಿಳಿದು ಕಲ್ಲಿನ ಗಾಯಗಳ ಮೇಲೆ ಬೆರಳಾಡಿಸಿದರು. ಬಿರುಕಿನೊಳಗೆ ಉಳಿ ತಲುಪದ ಕಡೆ ಇನ್ನೂ ಚಿಪ್ಪಿ ಇತ್ತು. ಒಡ್ಡಿನ ಉದ್ದ ಅಳೆಯಬೇಕಿತ್ತು. ಜೊತೆಗೆ ಬಂದ ಸಿಬ್ಬಂದಿ ಒಬ್ಬನೇ. ಮೇಡಂ ಕೆಸರಿನಲ್ಲಿ ನಿಲ್ಲಲಾರರು, ದೂರು ಕೊಟ್ಟ ಕಡೆಯವನು ಎಂದು ನನಗೆ ಟೇಪು ಮುಟ್ಟಲು ಬಿಡಲಿಲ್ಲ.

"ಊರಿನವರು ಯಾರಾದ್ರೂ ಇನ್ನೊಂದು ತುದಿ ಹಿಡೀರಿ," ಎಂದರು ಅಧಿಕಾರಿ. "ಹಿಡಿದವರ ಸಹಿಯೂ ಬೇಕು."

ದಂಡೆಯ ಮೇಲೆ ಹದಿನಾರು ಜನ ಸಾಲಾಗಿ ನಿಂತಿದ್ದರು. ಅವರ ಹಿಂದೆ ಬೈಕಿಗೆ ಒರಗಿ ಮೇಸ್ತ್ರಿ. ನೀರು ಆಗಲೇ ತಿರುಗತೊಡಗಿತ್ತು, ಕಾಲ ಬೆರಳ ಸುತ್ತ ತಣ್ಣಗೆ ಹರಿಯುವುದು ಗೊತ್ತಾಗುತ್ತಿತ್ತು. ಸಾಲಿನಿಂದ ಒಬ್ಬರು ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟಿ, ಕೆಸರಿಗಿಳಿದು ಬಂದು, ಟೇಪಿನ ತುದಿ ಹಿಡಿದುಕೊಂಡು ಒಡ್ಡಿನ ಆ ಕಡೆಗೆ ನಡೆದರು.

ಅವರು ಯಾರು ಎಂದು ನಾನು ಹೇಳುವುದಿಲ್ಲ.